ಗುಲಾಬಿ ಫೋಟೋಗೆ ಎಕ್ಸ್‌ಟೆನ್ಷನ್ ಟ್ಯೂಬ್ ಸಾಕಾ? ವರ್ಷಗಟ್ಟಲೆ ಬಳಸಿದ್ಮೇಲೆ ನನ್ನ ರಿವ್ಯೂ

ಗುಲಾಬಿ ಫೋಟೋ ತೆಗೀಬೇಕಂದ್ರೆ ದುಡ್ಡು ಸುರಿದು ತೀರಾ ಹತ್ರದಿಂದ ತೆಗೆಯೋ ಮ್ಯಾಕ್ರೋ ಲೆನ್ಸೇ ತಗೋಬೇಕು ಅಂತ ಯಾರಾದ್ರೂ ಹೇಳಿದ್ರೆ ಸ್ವಲ್ಪ ತಡೀರಿ. ನನ್ ಹತ್ರ ಇರೋದು ಕ್ರಾಪ್ ಸೆನ್ಸರ್ (ಚಿತ್ರ ಹಿಡಿಯೋ ಚಿಪ್ ಸ್ವಲ್ಪ ಚಿಕ್ಕದಿರೋ) ಕ್ಯಾನನ್ ಬಾಡಿ, 50 ಎಂಎಂ ಎಫ್ 1.8 ಎಸ್‌ಟಿಎಂ ಲೆನ್ಸು, ಜೊತೆಗೆ ಆನ್‌ಲೈನಲ್ಲಿ ಎರಡು ಸಾವಿರದ ಒಳಗೆ ಸಿಕ್ಕಿದ 13, 21, 31 ಎಂಎಂ ಟ್ಯೂಬ್‌ಗಳ ಸೆಟ್ಟು. ಇದ್ರೊಳಗೆ ಗಾಜು ಗೀಜು ಏನೂ ಇಲ್ಲ, ಬರೀ ಟೊಳ್ಳು. ಕ್ಯಾಮೆರಾಗೂ ಲೆನ್ಸಿಗೂ ಮಧ್ಯೆ ಹಾಕಿದ್ರೆ ಲೆನ್ಸನ್ನ ಸೆನ್ಸರ್‌ನಿಂದ ಒಂಚೂರು ದೂರ ತಳ್ಳತ್ತೆ, ಅದ್ರಿಂದ ಹೂವಿನ ಹತ್ರ ಹೋದ್ರೂ ಫೋಕಸ್ ಸಿಗತ್ತೆ, ಅಷ್ಟೇ ವಿದ್ಯೆ.

ತಗೊಳ್ಳೋ ಮುಂಚೆ ಒಂದು ಲೆಕ್ಕ ನೋಡ್ಕೊಳ್ಳಿ. ಈ ಲೆನ್ಸ್ ಟ್ಯೂಬ್ ಇಲ್ದೇನೇ 35 ಸೆಂ.ಮೀ. ಹತ್ರದ ತನಕ ಫೋಕಸ್ ಮಾಡತ್ತೆ, ಅಲ್ಲಿ ಫ್ರೇಮಿಗೆ ಸುಮಾರು ಹತ್ತೂವರೆ ಸೆಂ.ಮೀ. ಅಗಲ ಬರತ್ತೆ. ಡಬಲ್ ಡಿಲೈಟ್, ಪಾಪಾ ಮೇಯಾಂ ಥರದ ಹೈಬ್ರಿಡ್ ಟೀ (ದೊಡ್ಡ ಹೂವಿನ ಗುಲಾಬಿ) ಹೂ ಚೆನ್ನಾಗಿ ಅರಳಿದ್ರೆ ಹೆಚ್ಚುಕಮ್ಮಿ ಅಷ್ಟೇ ಇರತ್ತೆ. ಅಂದ್ರೆ ಇಡೀ ಹೂವಿಗೆ ಟ್ಯೂಬೇ ಬೇಡ! ಬೇಕಾಗೋದು ಪುಟ್ಟ ಬಟನ್ ರೋಸಿಗೆ, ಮೊಗ್ಗಿನ ತುದಿಗೆ, ಕೇಸರಕ್ಕೆ, ಇಬ್ಬನಿ ಹನಿಗೆ. 13ರದ್ದು ಹಾಕಿದ್ರೆ ಫ್ರೇಮು ಐದು ಸೆಂ.ಮೀ. ಅಗಲಕ್ಕೆ ಇಳಿಯತ್ತೆ, ನನ್ನ ಮುಕ್ಕಾಲು ಪಾಲು ಕ್ಲೋಸಪ್ಪು ಅದ್ರಲ್ಲೇ.

31 ಬೇರೆಯೇ ಕಥೆ. ಮೂರು ಸೆಂ.ಮೀ.ಗಿಂತ ಕಮ್ಮಿ ಜಾಗ ಫ್ರೇಮ್ ತುಂಬತ್ತೆ, ಆದ್ರೆ ಲೆನ್ಸಿನ ಮೂತಿ ಹೂವಿಗೆ ತುಂಬಾ ಹತ್ರ ಇರತ್ತೆ, ನಿಮ್ಮ ನೆರಳೇ ದಳದ ಮೇಲೆ ಬೀಳತ್ತೆ, ಸೆನ್ಸರಿಗೆ ಹೋಗೋ ಬೆಳಕೂ ಮೂರನೇ ಒಂದು ಭಾಗ ಆಗತ್ತೆ, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್ 8ಕ್ಕೆ ಕಿರಿದು ಮಾಡಿ ಇಟ್ರೂ ಶಾರ್ಪ್ ಆಗಿ ಬರೋದು ಒಂದು ಮಿಲಿಮೀಟರ್ ಆಳ ಕೂಡ ಇಲ್ಲ, ಮೇಲಿಂದ ಗಾಳಿ ಬೇರೆ. ಟ್ರೈಪಾಡ್ ಇಟ್ಟು, ಕೊಂಬೆಗೆ ಒಂದು ಕೋಲು ಕಟ್ಟಿ, ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನಲ್ಲಿ ನೋಡ್ತಾ) ಝೂಮ್ ಮಾಡಿ ಕೈಯಲ್ಲೇ ಫೋಕಸ್ ಮಾಡ್ಬೇಕು. ಇದೆಲ್ಲ ಮಾಡೋಷ್ಟ್ರಲ್ಲಿ ನಮ್ಮತ್ತೆ ಹೂಬುಟ್ಟಿ ಹಿಡ್ಕೊಂಡು ಟೆರೇಸಿಗೆ ಬಂದಿರ್ತಾರೆ, "ಆಯ್ತೇನೇ ನಿನ್ ಫೋಟೋ, ದೇವ್ರಿಗೆ ಇಡ್ಬೇಕು" ಅಂತ. ಆದ್ರೂ ಇದೇ ಟ್ಯೂಬಿಂದ ಒಂದು ಉಪಕಾರ ಆಗಿದೆ. ದಳದ ಅಂಚು ಕಂದು ಆಗ್ತಿದ್ದಿದ್ದು ಬಿಸಿಲಿಗೆ ಅಂತ ಮನೇಲೆಲ್ಲ ಅಂದ್ಕೊಂಡಿದ್ವಿ, ಫೋಟೋ ದೊಡ್ಡದು ಮಾಡಿ ನೋಡಿದ್ರೆ ದಳದ ಮಡಿಕೇಲಿ ದಾರದ ಚೂರಿನ ಥರ ಥ್ರಿಪ್ಸ್ ಅನ್ನೋ ಪುಟ್ಟ ಹುಳಗಳು ಸಾಲಾಗಿ ಕೂತಿದ್ವು.

ಕಡುಕೆಂಪು ಹೂವಿನ ವಿಷ್ಯ. ಫೋಟೋಲಿ ಬರೀ ಕೆಂಪು ಮುದ್ದೆ ಬರತ್ತೆ, ದಳದ ಗೆರೆ, ಮಖಮಲ್ ಹೊಳಪು ಎಲ್ಲಾ ಮಾಯ. ಟ್ಯೂಬನ್ನ ಬೈಬೇಡಿ, ಲಕ್ಷದ ಲೆನ್ಸಲ್ಲೂ ಇದೇ ಗತಿ. ಮಾಮೂಲಿ ಹಿಸ್ಟೋಗ್ರಾಂ (ಫೋಟೋದ ಬೆಳಕು ತೋರ್ಸೋ ಗ್ರಾಫು) ಸರಿಯಾಗೇ ಕಾಣ್ತಿರತ್ತೆ, ಆರ್‌ಜಿಬಿ ಹಿಸ್ಟೋಗ್ರಾಂ (ಕೆಂಪು, ಹಸಿರು, ನೀಲಿ ಬೇರೆಬೇರೆ ತೋರ್ಸೋದು) ತೆಗೆದು ನೋಡಿ, ಕೆಂಪು ಒಂದೇ ಬಲಗಡೆ ತುದಿಗೆ ಒತ್ಕೊಂಡಿರತ್ತೆ, ಅಂದ್ರೆ ಕೆಂಪು ಅತಿಯಾಗಿದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದ್ರೆ ಬೆಳಕು ಅರ್ಧಕ್ಕೆ) ಇಳಿಸಿ, ರಾ ಫೈಲಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲು) ತೆಗೀರಿ, ಮೋಡ ಇರೋ ದಿನ ಅಥವಾ ಬಿಸಿಲೇರೋ ಮುಂಚೆ. ಬಿಳಿ ಛತ್ರಿ ಅಡ್ಡ ಹಿಡಿದ್ರೂ ಆಗತ್ತೆ.

ಕ್ವಾಲಿಟಿ? ಕೊಟ್ಟ ದುಡ್ಡಿಗೆ ತಕ್ಕ ಹಾಗಿದೆ. ಪ್ಲಾಸ್ಟಿಕ್ ಮೌಂಟು (ಸಿಕ್ಕಿಸೋ ಜಾಗ), ಈಗ ಒಂಚೂರು ಅಲ್ಲಾಡತ್ತೆ. ಲೆನ್ಸಿಗೂ ಕ್ಯಾಮೆರಾಗೂ ಕರೆಂಟ್ ದಾಟಿಸೋ ಕಾಂಟ್ಯಾಕ್ಟ್ ಪಿನ್ನಿಗೆ ಧೂಳು ಕೂತ್ರೆ ಕ್ಯಾಮೆರಾ ಎರರ್ 01 ಅನ್ನತ್ತೆ, ಒಣ ಬಟ್ಟೇಲಿ ಒರೆಸಿದ್ರೆ ಸರಿ ಹೋಗತ್ತೆ. ಈ ಲೆನ್ಸು 160 ಗ್ರಾಂ ಅಷ್ಟೇ, ಅದಕ್ಕೆ ತಡ್ಕೊಂಡಿದೆ, ಭಾರದ ಝೂಮ್ ಇದಕ್ಕೆ ನೇತುಹಾಕೋ ಧೈರ್ಯ ನಂಗಿಲ್ಲ.

ಮುನ್ನೂರು ನಾನೂರಕ್ಕೆ ಪಿನ್ ಇಲ್ಲದ ಟ್ಯೂಬೂ ಸಿಗತ್ತೆ, ಎಸ್‌ಟಿಎಂ ಲೆನ್ಸ್ ಇಟ್ಕೊಂಡೋರು ಅದ್ರ ತಂಟೆಗೆ ಹೋಗ್ಬೇಡಿ. ಇದ್ರ ಫೋಕಸ್ ರಿಂಗೂ ಕರೆಂಟಲ್ಲೇ ಓಡೋದು, ಪಿನ್ ಇಲ್ಲ ಅಂದ್ರೆ ರಿಂಗ್ ತಿರುಗಿಸಿದ್ರೂ ಏನೂ ಆಗಲ್ಲ, ಅಪರ್ಚರೂ ಬದಲಾಗಲ್ಲ. ಕ್ಯಾಮೆರಾ ಜೊತೆ ಬರೋ ಕಿಟ್ ಲೆನ್ಸ್ 18-55 ಇದ್ರೆ 55ಕ್ಕೆ ಇಟ್ಟು ಟ್ರೈ ಮಾಡಿ, 18ರಲ್ಲಿ ಗಾಜಿಗೆ ಹೂ ತಾಗಿದ್ರೂ ಫೋಕಸ್ ಸಿಗಲ್ಲ.

ಲಾಲ್‌ಬಾಗ್ ಫ್ಲವರ್ ಶೋಗೆ ಇದನ್ನ ಹೊತ್ಕೊಂಡು ಹೋಗ್ಬೇಡಿ. ಟ್ಯೂಬ್ ಹಾಕಿದ್ರೆ ದೂರದ್ದು ಫೋಕಸ್ಸೇ ಆಗಲ್ಲ, ಅಲ್ಲಿ ಹೂವಿನ ಹತ್ರ ಯಾರು ಬಿಡ್ತಾರೆ? ಮನೆ ಕುಂಡದ ಗಿಡಕ್ಕೆ ಧಾರಾಳವಾಗಿ ತಗೊಳ್ಳಿ. ಚಿಟ್ಟೆ, ಜೇನ್ನೊಣಾನೂ ಬೇಕು ಅನ್ನೋರು ದುಡ್ಡು ಕೂಡಿಟ್ಟು 100 ಎಂಎಂ ಮ್ಯಾಕ್ರೋನೇ ನೋಡಿ, 31 ಹಾಕ್ಕೊಂಡು ಅಷ್ಟು ಹತ್ರ ಹೋದ್ರೆ ಅವು ಕೂತಿರಲ್ಲ.