ಪಪ್ಪನ ಟ್ರಾನ್ಸಿಸ್ಟರ್ ಮತ್ತು ಕಾರವಾರದ ರಿಪೇರಿ ಅಂಗಡಿ

ಕಾರವಾರ ಪೇಟೆಯಲ್ಲಿ ಹಳೇ ರೇಡಿಯೊ ರಿಪೇರಿ ಮಾಡುವ ಅಂಗಡಿ ಒಂದು ಇನ್ನೂ ಇದೆ. ಬೋರ್ಡ್ ಇಲ್ಲ. ಗಡಿಯಾರದ ಅಂಗಡಿ ಪಕ್ಕದ ಸಣ್ಣ ಬಾಗಿಲು. ಪಪ್ಪನ ಎರಡು ಬ್ಯಾಂಡಿನ ಟ್ರಾನ್ಸಿಸ್ಟರ್ ಅಲ್ಲಿ ಕೊಟ್ಟೆ. ಅದಕ್ಕೂ ಮೊದಲು ಬೇರೆ ಎರಡು ಕಡೆ "ಗುಜರಿಗೆ ಹಾಕಿ" ಎಂದಿದ್ದರು.

ಪಪ್ಪಾ ಇದರಲ್ಲಿ ಫೀಬಾ ಎಂಬ ಕ್ರೈಸ್ತ ರೇಡಿಯೊ ಕೇಳುತ್ತಿದ್ದರು. ನಮ್ಮಲ್ಲಿ ಧಾರ್ಮಿಕ ಸಂಸ್ಥೆಗಳಿಗೆ ರೇಡಿಯೊ ಲೈಸೆನ್ಸ್ ಕೊಡುವುದಿಲ್ಲ. ಹಾಗಾಗಿ ಕನ್ನಡದ ಕ್ರೈಸ್ತ ಕಾರ್ಯಕ್ರಮ ಬೆಂಗಳೂರಿನಲ್ಲಿ ಟೇಪ್ ಆಗಿ, ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಕ್ಕೆ ಹೋಗಿ, ಅಲ್ಲಿಂದ ಶಾರ್ಟ್ ವೇವ್‌ನಲ್ಲಿ ವಾಪಸ್ ಬರುತ್ತಿತ್ತು. 1970ರಲ್ಲಿ ಶುರುವಾದ ಸ್ಟೇಷನ್ ಅದು. ಆಂಟೆನಾ ಕಂಬಗಳನ್ನು ಸಮುದ್ರದೊಳಗೆ, ಹವಳದ ದಿಬ್ಬದ ಮೇಲೆ ನಿಲ್ಲಿಸಿದ್ದರು. ಅಲ್ಲಿಂದ ಕಾರವಾರದ ಕೋಡಿಬಾಗದ ನಮ್ಮ ಜಗುಲಿಗೆ ಸುಮಾರು 3,000 ಕಿಲೋಮೀಟರ್, ಹೆಚ್ಚುಕಡಿಮೆ ಪೂರ್ತಿ ನೀರು. ದನಿ ಏರುತ್ತಿತ್ತು, ಇಳಿಯುತ್ತಿತ್ತು. ಇಳಿದಾಗ ಪಪ್ಪಾ ಕೈ ಎತ್ತಿ ನಮ್ಮನ್ನೆಲ್ಲ ಸುಮ್ಮನಿರಿಸುತ್ತಿದ್ದರು. ಪ್ರಾರ್ಥನೆ ಅರ್ಧಕ್ಕೆ ಮುಳುಗಿದರೆ ಉಳಿದರ್ಧ ತಾವೇ ಹೇಳಿ ಮುಗಿಸುತ್ತಿದ್ದರು. ನನಗೆ ಅದು ದೂರದೇಶದ ಸ್ಟೇಷನ್ ಅಂತ ಅನ್ನಿಸಿದ್ದೇ ಇಲ್ಲ. ನಮ್ಮ ಮನೆಯದೇ, ಅಲ್ವಾ?

ಅಂಗಡಿಯವರು ನನ್ನೆದುರೇ ಬಿಚ್ಚಿದರು. ಬ್ಯಾಂಡ್ ಸ್ವಿಚ್ ಉಪ್ಪುಗಾಳಿಗೆ ಹಸಿರುಗಟ್ಟಿತ್ತು. ಮುಳ್ಳು ಓಡಿಸುವ ದಾರ ತುಂಡಾಗಿತ್ತು. ವಾಲ್ಯೂಮ್ ಮುಟ್ಟಿದರೆ ಬರೀ ಕರಕರ. ಎಲ್ಲ ನೋಡಿ, ದುಡ್ಡಿನ ಮಾತಿಗೆ ಮೊದಲೇ ಹೇಳಿದರು: "ಅಕ್ಕೋರೆ, ರೇಡಿಯೊ ಸರಿಯಾಗ್ತದೆ. ಆದ್ರೆ ಸೆಶೆಲ್ಸ್ ಬರೂದಿಲ್ಲ. ಅಲ್ಲಿನ ಶಾರ್ಟ್ ವೇವ್ 2003ರಲ್ಲೇ ನಿಂತಿದೆ. ಅದಕ್ಕಾಗಿಯೇ ಮಾಡಿಸೂದಾದ್ರೆ ಬೇಡ."

ಇಷ್ಟು ತಿಳಿದವರು, ಇಷ್ಟು ನೇರವಾಗಿ ಹೇಳುವವರು ಸಿಗುವುದು ಕಷ್ಟ. ಮಾಡಿ ಎಂದೆ.

ಹನ್ನೆರಡು ದಿನ ಹಿಡಿಯಿತು, ಮೂರು ಸಲ ಓಡಾಡಿದೆ. 650 ರೂಪಾಯಿ, ರಸೀದಿ ಇಲ್ಲ. ಒಂದು ನಾಬ್ ಬೇರೆ ಬಣ್ಣದ್ದು ಹಾಕಿದ್ದಾರೆ, ಅದೊಂದು ನನಗೆ ಇಷ್ಟವಾಗಲಿಲ್ಲ. ಆದರೆ ಕೆಲಸ ಗಟ್ಟಿ. ಮೀಡಿಯಂ ವೇವ್‌ನಲ್ಲಿ ಧಾರವಾಡ ಆಕಾಶವಾಣಿ ಸ್ಪಷ್ಟ. ಡಯಲ್ ಗಾಜು ಫಳಫಳ ತೊಳೆದಿದ್ದಾರೆ. ಫೀಬಾ ಸಿಗುವ ಜಾಗಕ್ಕೆ ಪಪ್ಪಾ ಸೂಜಿಯಲ್ಲಿ ಗೀರಿದ್ದ ಸಣ್ಣ ಗುರುತನ್ನು ಮಾತ್ರ ಉಜ್ಜಿ ತೆಗೆದಿಲ್ಲ. ನಾನು ಹೇಳಿರಲೂ ಇಲ್ಲ.

ಹೋಗುವವರು ಮಧ್ಯಾಹ್ನ ಮೂರರ ಮೇಲೆ ಹೋಗಿ, ಬೆಳಿಗ್ಗೆ ತೆರೆಯುವುದಿಲ್ಲ. ಹೊಸ ಸೆಲ್ ನೀವೇ ಒಯ್ಯಿರಿ. ಎದುರಿಗೇ ಹಾಕಿ ಕೇಳಿಸಿ ಕೊಡುತ್ತಾರೆ.