ಬಣ್ಣದ ನಕ್ಷೆಯೋ, ಚುಕ್ಕಿ ನಕ್ಷೆಯೋ?

ಪೂರ್ವಜರು ಯಾವ ನಾಡಿನವರು, ಮನೆಮಾತು ಯಾವುದು ಎಂದು ಜನ ತಾವೇ ಹೇಳಿಕೊಂಡ ಮೂಲವನ್ನು ನಕ್ಷೆಗಿಳಿಸಲು ಹೊರಟ ರಾಯಚೂರಿನ ಶಿಕ್ಷಕರಿಗೆ ಎರಡು ದಾರಿಗಳಿವೆ. ಪ್ರತಿ ಜಿಲ್ಲೆಗೂ ಅತಿ ದೊಡ್ಡ ಗುಂಪಿನ ಬಣ್ಣ ಬಳಿಯುವುದು ಸುಲಭ, ಗೋಡೆಯ ಮೇಲೆ ದೂರದಿಂದಲೂ ಕಾಣುತ್ತದೆ. ಆದರೆ ಅಮೆರಿಕದ 2000ರ ಜನಗಣತಿಯನ್ನು ಹೀಗೆ ಬಿಡಿಸಿದಾಗ ಉತ್ತರದ ಬಹುಪಾಲು ಜರ್ಮನ್ ಬಣ್ಣವಾಯಿತು. ಎಷ್ಟೋ ಕೌಂಟಿಗಳಲ್ಲಿ (ಅಲ್ಲಿನ ಜಿಲ್ಲೆಗಳಲ್ಲಿ) ಜರ್ಮನ್ ಮೂಲದವರು ಅರ್ಧದಷ್ಟೂ ಇರಲಿಲ್ಲ. ನಮ್ಮ ಮಾತೃಭಾಷೆಗಳನ್ನು ಹಾಗೆ ಬರೆದರೆ ಜಿಲ್ಲೆಗೆಲ್ಲ ಕನ್ನಡದ ಬಣ್ಣ. ಸಿಂಧನೂರಿನ ನಿರಾಶ್ರಿತರ ಕ್ಯಾಂಪುಗಳ ಬಂಗಾಳಿಗಳು, ತೆಲುಗರು, ಉರ್ದು ಮಾತನಾಡುವವರು ಅಳಿಸಿಯೇ ಹೋಗುತ್ತಾರೆ. ಇದು ಅನ್ಯಾಯ. ಇಷ್ಟು ಜನರಿಗೆ ಒಂದು ಚುಕ್ಕಿ ಎಂದು ಇಟ್ಟರೆ ಅವರೂ ಕಾಣುತ್ತಾರೆ. ಅದಕ್ಕೆ ತಾಲ್ಲೂಕು ಮಟ್ಟದ ಅಂಕಿ ಬೇಕು. ಚುಕ್ಕಿ ಮನೆಯ ಗುರುತಲ್ಲ ಎಂದೂ ಅಡಿಯಲ್ಲಿ ಬರೆಯಬೇಕು. ಶ್ರಮವಾದರೂ ನನ್ನ ಆಯ್ಕೆ ಚುಕ್ಕಿಯೇ.