ಪಿಟ್ ಖಾಲಿ ಮಾಡಿಸಿದ್ದು: ಐದಕ್ಕೆ ನಾಲ್ಕು ಸ್ಟಾರ್

ದೇವನಹಳ್ಳಿಯ ನಮ್ಮ ಮನೆಗೆ ಹನ್ನೊಂದು ವರ್ಷ. ಕಕ್ಕಸಿನ ಪಿಟ್ ಅಂತ ಒಂದಿದೆ ಅನ್ನೋದು ನೆನಪಾಗಿದ್ದು ಹೋದ ತಿಂಗಳು, ಬಚ್ಚಲಲ್ಲಿ ನೀರು ನಿಂತು ಗುಳುಗುಳು ಅಂದಾಗ.

ಮೊದಲು ಫೋನ್ ಮಾಡಿದ, ಪಿಟ್ ಖಾಲಿ ಮಾಡೋ ಗಾಡಿಯವನು 1,200 ಅಂದ. ಎಲ್ಲಿಗೆ ಹೊಡೀತೀಯಪ್ಪಾ ಅಂತ ಕೇಳಿದೆ. "ಅದೆಲ್ಲ ನಿಮಗ್ಯಾಕಮ್ಮ, ರಾತ್ರಿ ಹತ್ತರ ಮೇಲೆ ಬರ್ತೀನಿ." ಬೇಡ ಅಂದೆ. ನನ್ನ ತವರಿನ ತೋಟದ ಹಿಂದೆ ಇರೋ ಕಾಲುವೆಗೆ ಹಿಂಗೇ ರಾತ್ರಿ ಗಾಡಿಗಳು ಸುರಿದು ಹೋಗ್ತಿದ್ದವು. ಮೂರು ದಿನ ಹಸುಗಳು ಆ ಕಡೆ ಬಾಯಿ ಹಾಕ್ತಿರಲಿಲ್ಲ.

ಎರಡನೆಯವರು 1,800 ಕೇಳಿದರು, ಊರಿನ ಶುದ್ಧೀಕರಣ ಘಟಕಕ್ಕೇ ಒಯ್ಯೋದು ಅಂದರು. ಹಗಲು ಹನ್ನೊಂದಕ್ಕೇ ಬಂದರು: ಡ್ರೈವರು, ಜೊತೆಗೊಬ್ಬ ಹುಡುಗ. ಇಬ್ಬರಿಗೂ ಗ್ಲೌಸು, ಗಂಬೂಟು. "ಮುಚ್ಚಳ ಎಲ್ಲಿ ಅಕ್ಕಾ?" ಅಂದಾಗ ನಾನೂ ಯಜಮಾನರೂ ಮುಖ ಮುಖ ನೋಡ್ಕೊಂಡ್ವಿ. ನಮ್ಮ ಮೇಸ್ತ್ರಿ ಅದರ ಮೇಲೆ ಚೆಂದಕ್ಕೆ ಟೈಲ್ಸ್ ಹಾಕಿಬಿಟ್ಟಿದ್ದ. ನಾಲ್ಕು ಒಡೆಸಿದ್ದಾಯ್ತು.

ತಳದಲ್ಲಿ ಕೆಸರು ಗಟ್ಟಿಯಾಗಿತ್ತು, ಪೈಪಿಗೆ ಬರಲೊಲ್ಲದು. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ "ಒಬ್ಬ ಆಳು ಇಳಿಸಿ ಗೋರಿಸಿ" ಅಂತ ಸಲಹೆ ಕೊಟ್ಟರು. ಡ್ರೈವರ್ ತಲೆ ಎತ್ತಲೂ ಇಲ್ಲ. "ಇಳಿಸಿದ್ರೆ ಗ್ಯಾಸಿಗೆ ಸಾಯ್ತಾನೆ ಸಾರ್, ಜೈಲಿಗೆ ನೀವು ಹೋಗ್ತೀರಾ?" ಅಂದ. ಮಲ ಹೊರೋ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಬಂದ ಮೇಲೆ ಹಾಗೆ ಬರಿಗೈಲಿ ಆಳು ಇಳಿಸೋದು ಅಪರಾಧ. ಆತ ನೀರು ಬಿಟ್ಟು, ಬಿದಿರು ಗಳದಲ್ಲಿ ಕದಡಿ, ಮತ್ತೆ ಎಳೆದ. ಪೂರ್ತಿ ಎಳೀಲಿಲ್ಲ, ತಳದಲ್ಲಿ ಒಂದಿಷ್ಟು ಬಿಟ್ಟರೇನೇ ಮುಂದಿನದು ಕೊಳೆಯೋದಂತೆ. ಪೈಪಿನ ಬಾಯಿಗೆ ಸಿಕ್ಕಿಕೊಂಡಿದ್ದ ಒಂದು ಕಾಲುಚೀಲ, ಎರಡು ಶಾಂಪೂ ಸ್ಯಾಶೆ ತೆಗೆದು ನನ್ನ ಮುಂದೆ ಇಟ್ಟ. ಕಾಲುಚೀಲ ಯಾರದು ಅಂತ ಮನೇಲಿ ಇನ್ನೂ ತೀರ್ಮಾನ ಆಗಿಲ್ಲ.

ಮಾತು ನಂಬದೆ ಗಾಡಿ ಹಿಂದೆ ಸ್ಕೂಟರಲ್ಲಿ ನಾನೂ ಹೋದೆ. ಹೇಳಿದ ಹಾಗೆ ಶುದ್ಧೀಕರಣ ಘಟಕಕ್ಕೇ ಹೋಯ್ತು. ಪಿಟ್ ಕೆಸರಿಗೆ ಅಂತಲೇ 2015ರಲ್ಲಿ ಶುರುವಾದ ಘಟಕ, ದೇಶದಲ್ಲೇ ಈ ಥರದ ಮೊದಲನೆಯದು. ನಮ್ಮೂರಿಗೆ ಚಕ್ಕೋತ ಬಿಟ್ಟರೆ ಹೇಳಿಕೊಳ್ಳೋಕೆ ಇದೂ ಒಂದು ಇದೆ ಅಂತ ಎಷ್ಟು ಜನಕ್ಕೆ ಗೊತ್ತೋ! ಮೊದಲು ಜಾಲರಿಯಲ್ಲಿ ಚಿಂದಿ, ಪ್ಲಾಸ್ಟಿಕ್ ತಡೀತಾರೆ. ಕೆಸರು ಮುಚ್ಚಿದ ತೊಟ್ಟಿಗಳಲ್ಲಿ ಕೊಳೆತು, ಆಮೇಲೆ ಒಣಗೋ ಪಾತಿಗೆ ಬರುತ್ತೆ. ಬಸಿದ ನೀರು ಜಲ್ಲಿಕಲ್ಲು, ಗಿಡಗಳ ನಡುವೆ ಸೋಸಿಕೊಂಡು ಹೋಗುತ್ತೆ. ನಾನು ಮೂಗಿಗೆ ಸೆರಗು ಹಿಡಿದೇ ಹೋಗಿದ್ದೆ. ಒಣಗಿದ ಪಾತಿ ಹತ್ತಿರ ಬಂದಾಗ ಕೈ ತಾನಾಗಿ ಇಳೀತು. ಬೇಸಿಗೆ ಕೆರೆಯಂಗಳದ ಹಾಗೆ ಬಿರುಕು ಬಿಟ್ಟ ಕಪ್ಪು ಹೆಂಟೆ, ಮಣ್ಣಿನ ವಾಸನೆ. ಇದಕ್ಕೆ ಊರಿನ ಹಸಿಕಸ ಸೇರಿಸಿ ಗೊಬ್ಬರ ಮಾಡ್ತಾರೆ. ಘಟಕದ ಲೆಕ್ಕ ದಿನಕ್ಕೆ 6,000 ಲೀಟರ್, ಅಂದರೆ ಇಂಥ ಗಾಡಿ ಒಂದೆರಡು ಅಷ್ಟೇ. ಹಾಗಾಗಿ ಮನೆಯಲ್ಲಿ ಗುಳುಗುಳು ಶುರುವಾಗೋ ತನಕ ಕಾಯಬೇಡಿ, ಮೂರು ವರ್ಷಕ್ಕೊಮ್ಮೆ ಮಾಡಿಸಿ.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ, ಪೈಪ್ ಸುತ್ತುವಾಗ ಹುಡುಗ ಬಾಗಿಲ ರಂಗೋಲಿ ಮೇಲೆ ತೊಟ್ಟಿಕ್ಕಿಸಿದ. ಫಿನಾಯ್ಲ್ ನಾನೇ ಹಾಕಬೇಕಾಯ್ತು. ರಸೀದಿಯನ್ನೂ ಎರಡು ಸಲ ಕೇಳಿದ ಮೇಲೆ ಕೊಟ್ಟರು.

ಈಗ ಮುಚ್ಚಳದ ಮೇಲೆ ಟೈಲ್ಸ್ ಇಲ್ಲ. ತಾರೀಖು ಪೇಂಟಲ್ಲಿ ಬರೆಸಿದೀನಿ. ಯಜಮಾನರು ಸರಿಯಾಗಿ ಅದರ ಮೇಲೇ ಸ್ಕೂಟರ್ ನಿಲ್ಲಿಸ್ತಾರೆ.